ಬಯೋಟೆಕ್ ಕಂಪನಿಗೆ ಸರ್ಕಾರದ ನೆರವು: ತೆರಿಗೆ ರಿಯಾಯಿತಿ ಒಳ್ಳೆಯದೋ, ಅನುದಾನ ಒಳ್ಳೆಯದೋ? ತೀರ್ಥಹಳ್ಳಿಯಿಂದ ಕೇಳುತ್ತಿದ್ದೇನೆ

ತುಂಗೆಯ ದಡ | ಸೋಮವಾರ ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಹತ್ತಿರದವನು. ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಲ್ಲಿ ಆರು ವರ್ಷ ಕೆಲಸ ಮಾಡಿದೆ. ಹೋದ ವರ್ಷ ಊರಿಗೆ ಬಂದು, ನನ್ನ ಜೊತೆ ಓದಿದವಳೊಬ್ಬಳ ಜೊತೆ ಸೇರಿ ಸಣ್ಣ ಕಂಪನಿ ಶುರು ಮಾಡಿದೆ. ನಮ್ಮ ತೋಟದ ಮಣ್ಣಿನಿಂದಲೇ ಬೇರ್ಪಡಿಸಿದ ಟ್ರೈಕೋಡರ್ಮಾ (ರೋಗ ತರುವ ಶಿಲೀಂಧ್ರಗಳನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ತಳಿಗಳನ್ನು ಬೆಳೆಸುತ್ತಿದ್ದೇವೆ. ಅಡಿಕೆಯ ಅಣಬೆ ರೋಗ, ಕಾಳುಮೆಣಸಿನ ಸೊರಗು ರೋಗ, ಇವೆರಡಕ್ಕೂ ಬುಡಕ್ಕೆ ಹಾಕುವ ಪುಡಿ. ಅಜ್ಜನ ಕಾಲದ ಅಡಿಕೆ ಗೋದಾಮೇ ನಮ್ಮ ಲ್ಯಾಬ್. ಉಗಿಯಲ್ಲಿ ಸೋಂಕು ಕೊಲ್ಲುವ ಒಂದು ಆಟೋಕ್ಲೇವ್, ಶುದ್ಧ ಗಾಳಿಯಲ್ಲಿ ಕೆಲಸ ಮಾಡುವ ಒಂದು ಲ್ಯಾಮಿನಾರ್ ಫ್ಲೋ, ಬಾಟಲಿ ಅಲುಗಿಸುವ ಎರಡು ಶೇಕರ್. ಇಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಸಲಹೆಗಾರರೊಬ್ಬರು ನಮಗೆ ಎರಡು ಪುಟದ ಪಟ್ಟಿ ಕೊಟ್ಟರು. ವಿದ್ಯುತ್ ತೆರಿಗೆ ವಿನಾಯಿತಿ, ಮುದ್ರಾಂಕ ಶುಲ್ಕ ವಿನಾಯಿತಿ, ಎಸ್‌ಜಿಎಸ್‌ಟಿ (ಜಿಎಸ್‌ಟಿಯಲ್ಲಿ ರಾಜ್ಯದ ಪಾಲು) ವಾಪಸ್, ಮೂರು ವರ್ಷ ಆದಾಯ ತೆರಿಗೆ ಇಲ್ಲ. ನೋಡಿ ಖುಷಿಯಾಯಿತು. ರಾತ್ರಿ ಕೂತು ಲೆಕ್ಕ ಹಾಕಿದೆ. ಜಾಗ ನಮ್ಮದೇ, ಆದ್ದರಿಂದ ಮುದ್ರಾಂಕ ಶುಲ್ಕದ ಮಾತಿಲ್ಲ. ಮಾರಾಟ ಇನ್ನೂ ಶುರುವಾಗಿಲ್ಲ, ಆದ್ದರಿಂದ ಜಿಎಸ್‌ಟಿಯೂ ಇಲ್ಲ. ಲಾಭ ಕನಸಿನಲ್ಲೂ ಇಲ್ಲ. ಉಳಿದದ್ದು ಕರೆಂಟ್ ಬಿಲ್. ಯೂನಿಟ್ ಚಾರ್ಜು ತಿಂಗಳಿಗೆ 20,000 ಬಂದರೆ ಅದರ ಮೇಲೆ ಶೇ 9ರ ವಿದ್ಯುತ್ ತೆರಿಗೆ 1,800. ವರ್ಷಕ್ಕೆ 21,600 ರೂಪಾಯಿ. ಎರಡು ಪುಟದ ಪಟ್ಟಿಯಲ್ಲಿ ಈ ವರ್ಷ ನಮಗೆ ಸಿಗುವುದು ಅಷ್ಟೇ!

ಜೊತೆಗಾರ್ತಿ ಹೇಳುತ್ತಾಳೆ, ತೆರಿಗೆ ಸುದ್ದಿ ಬಿಡು, ಅನುದಾನಕ್ಕೆ ಅರ್ಜಿ ಹಾಕೋಣ ಅಂತ. ಅಪ್ಪನ ಸ್ನೇಹಿತರು, ಅನುದಾನದ ಹಿಂದೆ ಓಡಿದವರು ಕಂಪನಿ ಮರೆಯುತ್ತಾರೆ ಅನ್ನುತ್ತಾರೆ. ನಿಮ್ಮ ಅನುಭವ ಏನು? ಸುಮ್ನೆ ಧೈರ್ಯ ಹೇಳಬೇಡಿ, ಲೆಕ್ಕ ಹೇಳಿ.

ಕೊಪ್ಪದ ತೋಟ | ರಾತ್ರಿ 9.31

ಮೊದಲು ನಿಮ್ಮ ಪುಡಿ ಎಲ್ಲಿ ಸಿಗುತ್ತದೆ ಹೇಳಿ ಮಾರಾಯ್ರೆ. ಈ ವರ್ಷ ಅಣಬೆ ರೋಗಕ್ಕೆ ನಮ್ಮಲ್ಲಿ ಹದಿನೆಂಟು ಮರ ಹೋದವು.

ತುಂಗೆಯ ದಡ | ರಾತ್ರಿ 9.38

ಈಗಲೇ ಮಾರುವ ಹಾಗಿಲ್ಲ ಅಣ್ಣ. ಜೈವಿಕ ಅಂದರೂ ಇದು 1968ರ ಕೀಟನಾಶಕ ಕಾಯ್ದೆಯೊಳಗೇ ಬರುತ್ತದೆ. ಫರೀದಾಬಾದಿನಲ್ಲಿ ಕೇಂದ್ರದ ನೋಂದಣಿ ಆಗಬೇಕು, ಆಮೇಲೆ ನಮ್ಮ ರಾಜ್ಯದ ಕೃಷಿ ಇಲಾಖೆಯಿಂದ ತಯಾರಿಕೆ ಪರವಾನಗಿ. ಅದಕ್ಕೆ ವಿಷಪರೀಕ್ಷೆಯ ವರದಿ, ಹೊಲದ ಪ್ರಯೋಗದ ವರದಿ, ಎಷ್ಟು ದಿನ ಇಟ್ಟರೆ ಕೆಡುವುದಿಲ್ಲ ಅನ್ನುವ ವರದಿ, ಎಲ್ಲ ಬೇಕು. ದುಡ್ಡು ಹೋಗುತ್ತಿರುವುದು ಅಲ್ಲೇ.

ಮಾಚೇನಹಳ್ಳಿ ಶೆಡ್ | ರಾತ್ರಿ 10.02

ನಾನು ಬಯೋಟೆಕ್ ಅಲ್ಲ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಪ್ಪತ್ತೆರಡು ವರ್ಷದಿಂದ ಎರಕದ ಬಿಡಿಭಾಗ ಮಾಡುತ್ತಿದ್ದೇನೆ. ನನ್ನ ಮತ ತೆರಿಗೆ ರಿಯಾಯಿತಿಗೆ. ಯಾಕೆ ಅಂದರೆ ಅದು ಲೆಕ್ಕ. ಬಿಲ್ಲು ಕಟ್ಟಿದೆ, ವಹಿವಾಟು ಮಾಡಿದೆ, ಇಷ್ಟು ವಾಪಸ್ ಬರಬೇಕು ಅಂತ ಎದೆ ಎತ್ತಿ ಕೇಳಬಹುದು. ಅನುದಾನ ಅಂದರೆ ಬೆಂಗಳೂರಿಗೆ ಹೋಗಿ ಐದು ಜನರ ಮುಂದೆ ಹತ್ತು ನಿಮಿಷ ಮಾತಾಡಬೇಕು. ಚೆನ್ನಾಗಿ ಮಾತಾಡಿದವನಿಗೆ ಸಿಗುತ್ತದೆ, ಚೆನ್ನಾಗಿ ಕೆಲಸ ಮಾಡಿದವನಿಗೆ ಸಿಗುತ್ತದೆ ಅಂತ ಏನೂ ಇಲ್ಲ. ಕನ್ನಡ ಶಾಲೆಯಲ್ಲಿ ಓದಿದ ಹುಡುಗರು ಆ ಹತ್ತು ನಿಮಿಷದಲ್ಲೇ ಸೋಲುತ್ತಾರೆ. ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಮಾತು. ತೆರಿಗೆ ಬಿಟ್ಟರೆ ಸರ್ಕಾರದ ದುಡ್ಡು ಓಡುವ ಕಂಪನಿಗೇ ಹೋಗುತ್ತದೆ. ಅನುದಾನ ಕೊಟ್ಟು ಕಂಪನಿ ಮುಚ್ಚಿದರೆ ಆ ದುಡ್ಡು ನಮ್ಮ ನಿಮ್ಮದೇ ಅಲ್ವಾ?

ಸಾಗರದ ಹುಡುಗಿ | ರಾತ್ರಿ 10.10

ಶೆಡ್ ಸರ್, ಎರಕದ ಕೆಲಸದಲ್ಲಿ ಯಂತ್ರ ಕೂರಿಸಿದ ವರ್ಷವೇ ಮಾಲು ಹೊರಬರುತ್ತದೆ. ಇವರದು ಹಾಗಲ್ಲವಲ್ಲ.

ಲೆಕ್ಕದವನು | ರಾತ್ರಿ 10.44

ಶಿವಮೊಗ್ಗದಲ್ಲಿ ಲೆಕ್ಕಪರಿಶೋಧನೆ ನನ್ನ ವೃತ್ತಿ. ಕೆಲವು ವಿಷಯ ಬೇರೆ ಬೇರೆ ಮಾಡಿ ಹೇಳುತ್ತೇನೆ, ಯಾಕೆಂದರೆ ಆ ಸಲಹೆಗಾರರ ಪಟ್ಟಿಯಲ್ಲಿ ಕೇಂದ್ರದ್ದು, ರಾಜ್ಯದ್ದು ಎಲ್ಲ ಕಲಸಿಹೋಗಿದೆ.

ಆದಾಯ ತೆರಿಗೆ ಕೇಂದ್ರದ್ದು. ಕರ್ನಾಟಕ ಸರ್ಕಾರ ಮನಸ್ಸು ಮಾಡಿದರೂ ಒಂದು ರೂಪಾಯಿ ಆದಾಯ ತೆರಿಗೆ ಬಿಡಲು ಆಗುವುದಿಲ್ಲ. ಮೂರು ವರ್ಷದ ವಿನಾಯಿತಿ ಅಂದದ್ದು ಆದಾಯ ತೆರಿಗೆಯ ಸೆಕ್ಷನ್ 80-ಐಎಸಿ. ಕಂಪನಿ ಹುಟ್ಟಿದ ಮೊದಲ ಹತ್ತು ವರ್ಷದಲ್ಲಿ ಯಾವುದಾದರೂ ಸತತ ಮೂರು ವರ್ಷದ ಲಾಭಕ್ಕೆ ತೆರಿಗೆ ಇಲ್ಲ. ಸ್ಟಾರ್ಟಪ್ ಅಂತ ಮಾನ್ಯತೆ ಸಿಕ್ಕರೆ ಮಾತ್ರ ಸಾಲದು, ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರವೂ ಬೇಕು. ಬಹಳ ಜನ ಇಲ್ಲೇ ಎಡವುತ್ತಾರೆ. ಕಂಪನಿಯಾಗಿದ್ದರೆ ಆ ಮೂರು ವರ್ಷವೂ ಲೆಕ್ಕಪುಸ್ತಕದಲ್ಲಿ ತೋರಿಸಿದ ಲಾಭದ ಮೇಲಿನ ಕನಿಷ್ಠ ತೆರಿಗೆ ತಪ್ಪುವುದಿಲ್ಲ ಅನ್ನುವುದೂ ನೆನಪಿರಲಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರ್‌ಗಳು ಬೇರೆ.

ಸಂಶೋಧನೆ ಖರ್ಚಿಗೆ ಇದ್ದ ದೊಡ್ಡ ರಿಯಾಯಿತಿಯೂ ಕೇಂದ್ರದ್ದೇ, ಸೆಕ್ಷನ್ 35(2ಎಬಿ). ಬಯೋಟೆಕ್ ಕಂಪನಿ ತನ್ನ ಲ್ಯಾಬಿನಲ್ಲಿ 100 ರೂಪಾಯಿ ಖರ್ಚು ಮಾಡಿದರೆ 200 ರೂಪಾಯಿ ಖರ್ಚು ಅಂತ ತೋರಿಸಬಹುದಿತ್ತು. 2017ರಿಂದ ಅದು 150 ಆಯಿತು, 2020ರಿಂದ 100. ಅಂದರೆ ಆ ಹೆಚ್ಚುವರಿ ಲಾಭ ಈಗ ಇಲ್ಲ.

ರಾಜ್ಯದ ಕೈಯಲ್ಲಿ ಇರುವುದು ವಿದ್ಯುತ್ ತೆರಿಗೆ, ಮುದ್ರಾಂಕ, ಜಿಎಸ್‌ಟಿಯಲ್ಲಿ ತನ್ನ ಪಾಲಾದ ಎಸ್‌ಜಿಎಸ್‌ಟಿ. ಅದರ ಮೇಲೆ ಬಂಡವಾಳ ಸಹಾಯಧನ, ಬಡ್ಡಿ ಸಹಾಯಧನ, ಅನುದಾನ.

ತುಂಗೆಯ ದಡ | ರಾತ್ರಿ 10.52

ಸರ್, ಮಾರಾಟ ಶುರುವಾದ ಮೇಲಾದರೂ ಎಸ್‌ಜಿಎಸ್‌ಟಿ ವಾಪಸ್ ಬಂದರೆ ಎಷ್ಟು ಬರಬಹುದು?

ಲೆಕ್ಕದವನು | ರಾತ್ರಿ 11.20

ಇದೇ ನಿಮಗೆ ಗೊತ್ತಾಗಬೇಕಾದ ಲೆಕ್ಕ. ನೀವು ಕೈಯಿಂದ ಕಟ್ಟಿದ ಎಸ್‌ಜಿಎಸ್‌ಟಿ ಪೂರ್ತಿ ವಾಪಸ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ವರ್ಷಕ್ಕೆ 30 ಲಕ್ಷದ ಪುಡಿ ಮಾರಿದಿರಿ. ಪೊಟ್ಟಣ, ಡಬ್ಬಿ, ರಾಸಾಯನಿಕ ಅಂತ 6 ಲಕ್ಷದ ಖರೀದಿ, ಅದಕ್ಕೆ ಶೇ 18 ಜಿಎಸ್‌ಟಿ.

ಟ್ರೈಕೋಡರ್ಮಾ ಸೇರಿ ಹನ್ನೆರಡು ಜೈವಿಕ ಕೀಟನಾಶಕಗಳಿಗೆ ಮೊದಲು ಶೇ 12 ಇತ್ತು. ರಾಜ್ಯದ ಪಾಲು ಶೇ 6, ಅಂದರೆ 1,80,000. ಖರೀದಿಯಲ್ಲಿ ನೀವು ಆಗಲೇ ಕಟ್ಟಿದ ರಾಜ್ಯದ ಪಾಲು 54,000 ಕಳೆಯಿರಿ. ಕೈಯಿಂದ ಕಟ್ಟುವುದು 1,26,000. ವಾಪಸ್ ಬರಬಹುದಾದದ್ದೂ ಅಷ್ಟೇ.

2025ರ ಸೆಪ್ಟೆಂಬರ್ 22ರಿಂದ ಅದೇ ಮಾಲಿಗೆ ಶೇ 5. ರಾಜ್ಯದ ಪಾಲು ಎರಡೂವರೆ, ಅಂದರೆ 75,000. ಅದರಲ್ಲಿ 54,000 ಕಳೆದರೆ ಉಳಿಯುವುದು 21,000. ರೈತರಿಗೆ ಬೆಲೆ ಇಳಿಯಿತು, ಅದು ಒಳ್ಳೆಯದೇ. ಆದರೆ ತೆರಿಗೆ ವಾಪಸ್ ನಂಬಿ ಕಂಪನಿ ಕಟ್ಟಿದವರಿಗೆ 1,26,000 ಇದ್ದದ್ದು 21,000ಕ್ಕೆ ಬಂತು. ನೀವೇನೂ ತಪ್ಪು ಮಾಡಿಲ್ಲ, ದರ ಬದಲಾಯಿತು ಅಷ್ಟೇ. ರಫ್ತು ಮಾಡಿದರಂತೂ ಜಿಎಸ್‌ಟಿಯೇ ಶೂನ್ಯ, ವಾಪಸ್ ಕೊಡಲು ಏನೂ ಇರುವುದಿಲ್ಲ.

ಮಾಚೇನಹಳ್ಳಿ ಶೆಡ್ | ರಾತ್ರಿ 11.34

ಈ ಲೆಕ್ಕ ಒಪ್ಪುತ್ತೇನೆ. ನನ್ನ ಮಾಲಿಗೆ ಶೇ 18, ಅದಕ್ಕೇ ನನಗೆ ಬೇರೆ ಥರ ಕಾಣುತ್ತಿತ್ತು. ಆದರೆ ಅನುದಾನದ ಸಮಿತಿ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ.

ಭದ್ರಾವತಿ 77 | ರಾತ್ರಿ 11.50

ದೊಡ್ಡ ಕಾರ್ಖಾನೆಗಳನ್ನೇ ಉಳಿಸಿಕೊಳ್ಳಲು ಆಗಲಿಲ್ಲ ನಮಗೆ. ಎಂಪಿಎಂ ಕಾಗದ ಕಾರ್ಖಾನೆಯ ಸೈರನ್ ಕೇಳಿ ಬೆಳೆದವನು ನಾನು. ಊರಿನ ಗಡಿಯಾರವೇ ಅದಾಗಿತ್ತು. ಇವರ ಸಣ್ಣ ಲ್ಯಾಬಾದರೂ ಉಳಿಯಲಿ.

ಎಡಿಸನ್‌ನಿಂದ ಹೊಸನಗರದವ | ಮಂಗಳವಾರ ಬೆಳಗ್ಗೆ 6.15

ನ್ಯೂಜೆರ್ಸಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಔಷಧ ಕಂಪನಿಯಲ್ಲಿ ಕೆಲಸ. ಇಲ್ಲಿ ರಾಜ್ಯಗಳೂ ಆದಾಯ ತೆರಿಗೆ ಹಾಕುತ್ತವೆ, ಅದಕ್ಕೇ ಇಲ್ಲಿ ತೆರಿಗೆ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುವ ಮೊತ್ತ) ಮಾತು ಜಾಸ್ತಿ. ಲಾಭ ಇಲ್ಲದವನಿಗೆ ತೆರಿಗೆ ಕ್ರೆಡಿಟ್ ಯಾಕೆ ಅನ್ನುವ ನಿಮ್ಮ ಪ್ರಶ್ನೆ ಇಲ್ಲೂ ಬಂದಿತ್ತು. ನ್ಯೂಜೆರ್ಸಿ 1999ರಲ್ಲಿ ಒಂದು ದಾರಿ ಮಾಡಿತು. ಸಣ್ಣ ಬಯೋಟೆಕ್ ಕಂಪನಿ ತನ್ನ ನಷ್ಟವನ್ನೂ ಬಳಸದೆ ಉಳಿದ ಸಂಶೋಧನಾ ಕ್ರೆಡಿಟ್ಟನ್ನೂ ಲಾಭದಲ್ಲಿರುವ ಬೇರೆ ಕಂಪನಿಗೆ ಮಾರಬಹುದು. ಅದರ ಬೆಲೆಯ ಕನಿಷ್ಠ ಶೇ 80 ಕೈಗೆ ಸಿಗಬೇಕು. ಕೊಂಡವರು ಅಷ್ಟನ್ನು ತಮ್ಮ ತೆರಿಗೆಯಲ್ಲಿ ಕಡಿಮೆ ಮಾಡಿಕೊಳ್ಳುತ್ತಾರೆ, ಮಾರಿದವರಿಗೆ ಸಂಬಳ ಕೊಡಲು ನಗದು. ಸಾಲವಲ್ಲ, ಷೇರು ಬಿಟ್ಟುಕೊಡಬೇಕಾಗಿಲ್ಲ.

2010ರಲ್ಲಿ ಇಲ್ಲಿನ ಕೇಂದ್ರ ಸರ್ಕಾರವೂ ಒಂದು ಯೋಜನೆ ಮಾಡಿತು, ಒಟ್ಟು 1 ಬಿಲಿಯನ್ ಡಾಲರ್. 250ಕ್ಕಿಂತ ಜಾಸ್ತಿ ಜನ ಇಲ್ಲದ ಕಂಪನಿಗಳಿಗೆ ಮಾತ್ರ. ತೆರಿಗೆ ಕ್ರೆಡಿಟ್ ಬೇಕೋ, ಅದರ ಬದಲು ನಗದು ಅನುದಾನ ಬೇಕೋ, ನೀವೇ ಆರಿಸಿಕೊಳ್ಳಿ ಅಂದರು. ಅರ್ಜಿ ಎಷ್ಟು ಬಂತೆಂದರೆ ಕೊನೆಗೆ ಒಂದು ಯೋಜನೆಗೆ ಎರಡು ಲಕ್ಷ ನಲವತ್ತನಾಲ್ಕು ಸಾವಿರ ಡಾಲರ್ ಮೇಲೆ ಸಿಗಲಿಲ್ಲ. ಆದರೂ ಆ ವರ್ಷ ಅದು ಸಣ್ಣವರ ಕೈ ಹಿಡಿಯಿತು.

ಸಾಗರದ ಹುಡುಗಿ | ಬೆಳಗ್ಗೆ 7.05

ನಷ್ಟವನ್ನೇ ಮಾರುವುದಾ! ನಮ್ಮಲ್ಲಿ ಹಾಗಿದೆಯಾ ಲೆಕ್ಕದ ಸರ್?

ಲೆಕ್ಕದವನು | ಬೆಳಗ್ಗೆ 7.40

ಇಲ್ಲ. ನಮ್ಮಲ್ಲಿ ವ್ಯಾಪಾರದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು ಮುಂದೆ ಬರುವ ಲಾಭದಲ್ಲಿ ಕಳೆಯಬಹುದು. ಬೇರೆಯವರಿಗೆ ಮಾರಲು ಬರುವುದಿಲ್ಲ.

ಮಾಚೇನಹಳ್ಳಿ ಶೆಡ್ | ಬೆಳಗ್ಗೆ 8.10

ಎಡಿಸನ್‌ನವರೇ, ಅಲ್ಲಿ ಅನುದಾನದಲ್ಲಿ ಎಡವಟ್ಟು ಆಗುವುದಿಲ್ಲವಾ? ಅದನ್ನೂ ಹೇಳಿ.

ಎಡಿಸನ್‌ನಿಂದ ಹೊಸನಗರದವ | ಬೆಳಗ್ಗೆ 8.32

ಆಗಿದೆ, ಮುಚ್ಚಿಡುವುದಿಲ್ಲ. ಟೆಕ್ಸಾಸ್ ಜನ 2007ರಲ್ಲಿ ಮತ ಹಾಕಿ ಕ್ಯಾನ್ಸರ್ ಸಂಶೋಧನೆಗೆ 3 ಬಿಲಿಯನ್ ಡಾಲರ್ ಎತ್ತಿಟ್ಟರು. ಒಂದು ಕಂಪನಿಗೆ 11 ಮಿಲಿಯನ್ ಡಾಲರ್ ಅನುದಾನ ವೈಜ್ಞಾನಿಕ ಪರಿಶೀಲನೆಯೇ ಆಗದೆ ಹೋಗಿತ್ತು ಅಂತ 2012ರಲ್ಲಿ ಹೊರಬಿತ್ತು. ಹೊಸ ಅನುದಾನ ನಿಲ್ಲಿಸಿ ನಿಯಮ ಬಿಗಿ ಮಾಡಿದರು. ಆದರೆ ಯೋಜನೆ ಮುಚ್ಚಲಿಲ್ಲ. 2019ರಲ್ಲಿ ಅದೇ ಜನ ಮತ್ತೆ ಮತ ಹಾಕಿ ಇನ್ನೊಂದು 3 ಬಿಲಿಯನ್ ಕೊಟ್ಟರು.

ತೆರಿಗೆ ರಿಯಾಯಿತಿಯಲ್ಲೂ ಹುಷಾರಾಗಿರಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಇಷ್ಟು ಜನಕ್ಕೆ ಕೆಲಸ ಕೊಡುತ್ತೇನೆ ಅಂತ ಮಾತು ಕೊಟ್ಟು ರಿಯಾಯಿತಿ ತಗೋಬೇಕು. ಕೊಡದಿದ್ದರೆ ವಾಪಸ್ ಕಟ್ಟಿಸಿಕೊಳ್ಳುತ್ತಾರೆ.

ಸೊರಬ ಸೀಮೆ | ಬೆಳಗ್ಗೆ 9.20

ನೀವೆಲ್ಲ ಲಾಭ ನಷ್ಟದ ಲೆಕ್ಕ ಹೇಳುತ್ತಿದ್ದೀರಿ. ನಾನು ಕ್ಯಾಸನೂರು ಕಡೆಯವನು. ಮಂಗನ ಕಾಯಿಲೆಗೆ ನಮ್ಮ ಕಾಡಿನ ಹೆಸರು ಇಟ್ಟು ಎಷ್ಟು ವರ್ಷವಾಯಿತು? 1957. ಆ ವೈರಸ್ ಜಗತ್ತಿಗೆ ಗೊತ್ತಾದದ್ದೇ ಇಲ್ಲಿಂದ. ಬೇಸಿಗೆ ಹತ್ತಿರ ಬಂದರೆ ಇವತ್ತಿಗೂ ನಮ್ಮ ಹೆಂಗಸರು ತರಗೆಲೆ ತರಲು ಹೋಗುವ ಮೊದಲು ಕಾಲಿಗೆ ಡೆಪಾ ಎಣ್ಣೆ ಬಳಿದುಕೊಳ್ಳುತ್ತಾರೆ. ಉಣುಗು ಕಚ್ಚದಿರಲಿ ಅಂತ. ಅಮ್ಮ ಬಾಗಿಲ ಹಿಂದೆ ಮೊಳೆಗೆ ಆ ಬಾಟಲಿ ನೇತುಹಾಕಿರುತ್ತಾಳೆ, ಕತ್ತಿಯ ಪಕ್ಕ.

ಹಳೆ ಲಸಿಕೆಯನ್ನು ಮೇಲಿಂದ ಮೇಲೆ ಚುಚ್ಚಿಸಿಕೊಳ್ಳಬೇಕಿತ್ತು, ಆದರೂ ಪೂರ್ತಿ ರಕ್ಷಣೆ ಇರಲಿಲ್ಲ. ಆಮೇಲೆ ಅದೂ ನಿಂತಿತು. ಈಗ ಐಸಿಎಂಆರ್ ಹೊಸದಕ್ಕೆ ಕೆಲಸ ಮಾಡುತ್ತಿದೆ. ಹೇಳಿ, ಯಾವ ತೆರಿಗೆ ರಿಯಾಯಿತಿ ಕೊಟ್ಟಿದ್ದರೆ ಒಂದು ಖಾಸಗಿ ಕಂಪನಿ ತಾನಾಗಿ ಬಂದು ನಮ್ಮ ಕಾಡಂಚಿನ ಜನಕ್ಕೆ ಲಸಿಕೆ ಮಾಡುತ್ತಿತ್ತು? ಕೊಳ್ಳುವವರು ಕೂಲಿಯವರು, ಅದೂ ಕೆಲವೇ ತಾಲ್ಲೂಕು. ಲಾಭ ಬರುವ ಕಡೆಗೆ ಮಾತ್ರ ತೆರಿಗೆ ರಿಯಾಯಿತಿ ಕೆಲಸ ಮಾಡುತ್ತದೆ. ಲಾಭವೇ ಇಲ್ಲದ ಕಡೆ ಸರ್ಕಾರ ಮೊದಲೇ ದುಡ್ಡು ಇಡಬೇಕು. ಆ ಡೆಪಾ ಎಣ್ಣೆಯೂ ಸರ್ಕಾರದ ರಕ್ಷಣಾ ಸಂಶೋಧನೆಯಿಂದ ಬಂದದ್ದೇ.

ಕೊಪ್ಪದ ತೋಟ | ಬೆಳಗ್ಗೆ 9.41

ಇದು ನಿಜವಾದ ಮಾತು. ನಮ್ಮ ಹಳದಿ ಎಲೆ ರೋಗದ ಕಥೆಯೂ ಇದೇ. ಶೃಂಗೇರಿ, ಕೊಪ್ಪದ ತೋಟ ಹೋದರೆ ಯಾವ ಕಂಪನಿಗೆ ಏನಾಗಬೇಕು?

ಮಾಚೇನಹಳ್ಳಿ ಶೆಡ್ | ಬೆಳಗ್ಗೆ 9.58

ಸೊರಬದವರ ಮಾತಿಗೆ ಎದುರು ಹೇಳುವುದಿಲ್ಲ. ನಮ್ಮ ಚಿಕ್ಕಪ್ಪನಿಗೆ ಆ ಜ್ವರ ಬಂದಿತ್ತು.

ಲ್ಯಾಬ್ ಅಕ್ಕ | ಮಧ್ಯಾಹ್ನ 1.25

ಅನುದಾನ ತೆಗೆದುಕೊಂಡವಳು ನಾನು. ಆದದ್ದು ಹೇಳುತ್ತೇನೆ. ಯಾವ ಕಚೇರಿ ಅಂತ ಕೇಳಬೇಡಿ.

ನನ್ನದು ಅಂಗಾಂಶ ಕೃಷಿ, ಬಾಳೆ ಸಸಿ. ಅನುದಾನ ಮಂಜೂರಾದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆವು. ಮೊದಲ ಕಂತು ಸರಿಯಾದ ಹೊತ್ತಿಗೆ ಬಂತು. ಲ್ಯಾಮಿನಾರ್ ಫ್ಲೋ, ಎಸಿ, ರ್‍ಯಾಕು ಎಲ್ಲ ಬಂತು. ಎರಡನೇ ಕಂತು ಬರಬೇಕಾದರೆ ಮೊದಲ ಕಂತಿನ ಬಳಕೆ ಪ್ರಮಾಣಪತ್ರ, ಪ್ರಗತಿ ವರದಿ, ಬಿಲ್ಲುಗಳು. ಎಲ್ಲ ಕೊಟ್ಟೆ. ಒಂದು ಬಿಲ್ಲಿನಲ್ಲಿ ಕಂಪನಿ ಹೆಸರಿನ ಒಂದಕ್ಷರ ತಪ್ಪಿತ್ತು ಅಂತ ವಾಪಸ್ ಬಂತು. ಸರಿ ಮಾಡಿ ಕಳಿಸಿದೆ. ನೋಡುತ್ತಿದ್ದ ಅಧಿಕಾರಿ ವರ್ಗವಾದರು. ಏಳು ತಿಂಗಳು.

ಅದು ಮಳೆಗಾಲ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತಿತ್ತು, ಯುಪಿಎಸ್ ಬ್ಯಾಟರಿ ಬದಲಿಸಲು ಕೈಯಲ್ಲಿ ದುಡ್ಡಿರಲಿಲ್ಲ. ಎಸಿ ನಿಂತು ಕೋಣೆಯಲ್ಲಿ ತೇವ ಕೂತರೆ ಏನಾಗುತ್ತದೆ ಗೊತ್ತಾ? ಸಂಜೆ ನೋಡಿದರೆ ಬಾಟಲಿಯ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ. ಬೆಳಗ್ಗೆ ಬಂದರೆ ಹತ್ತಿ ತುಂಬಿಟ್ಟ ಹಾಗೆ ಬೂಸ್ಟು, ಒಳಗಿನ ಹಸಿರು ಸಸಿ ಕಾಣುವುದೇ ಇಲ್ಲ. ಒಂದು ರ್‍ಯಾಕಿನ ಬಾಟಲಿಗಳನ್ನೆಲ್ಲ ಆಟೋಕ್ಲೇವಿಗೆ ಹಾಕಿ ಚೆಲ್ಲಿದೆ. ನಾಲ್ಕು ತಿಂಗಳ ಕೆಲಸ. ಕೈಬಳೆ ಅಡವಿಟ್ಟು ಬ್ಯಾಟರಿ ತಂದೆ.

ಇಷ್ಟಾದರೂ ಹೇಳುತ್ತೇನೆ, ಆ ಮೊದಲ ಕಂತು ಇಲ್ಲದಿದ್ದರೆ ನನ್ನ ಲ್ಯಾಬ್ ಇರುತ್ತಿರಲಿಲ್ಲ. ಯಾವ ತೆರಿಗೆ ರಿಯಾಯಿತಿಯೂ ನನಗೆ ಲ್ಯಾಮಿನಾರ್ ಫ್ಲೋ ಕೊಡಿಸುತ್ತಿರಲಿಲ್ಲ. ತಮ್ಮಾ, ಅರ್ಜಿ ಹಾಕು. ಆದರೆ ಎರಡನೇ ಕಂತು ಆರು ತಿಂಗಳು ತಡವಾಗಿಯೇ ಬರುತ್ತದೆ ಅಂತ ಇವತ್ತೇ ಬಜೆಟ್ಟಿನಲ್ಲಿ ಬರೆದಿಡು. ಬಿಲ್ಲಿನಲ್ಲಿ ಹೆಸರು ಅಂಗಡಿಯಲ್ಲೇ ನಿಂತು ಓದಿ ನೋಡು.

ಸಾಗರದ ಹುಡುಗಿ | ಮಧ್ಯಾಹ್ನ 1.40

ಅಕ್ಕಾ, ಬಳೆ ಬಿಡಿಸಿಕೊಂಡಿರಾ?

ಲ್ಯಾಬ್ ಅಕ್ಕ | ಮಧ್ಯಾಹ್ನ 1.52

ಬಿಡಿಸಿಕೊಂಡೆ. ಹಾಕಿಕೊಂಡೇ ಟೈಪ್ ಮಾಡುತ್ತಿದ್ದೇನೆ.

ನಿವೃತ್ತ ಬ್ಯಾಂಕಿನವರು | ಮಧ್ಯಾಹ್ನ 3.10

ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಸಾಲದ ಕಡತ ನೋಡಿದವನು ನಾನು. ಮಂಜೂರಾತಿ ಪತ್ರ ತೋರಿಸಿ ಕಂತು ಬರುವವರೆಗೆ ಸಣ್ಣ ಸಾಲ ಕೊಡಿ ಅಂತ ಬ್ಯಾಂಕಿಗೆ ಕೇಳಬಹುದು. ಅಡಮಾನ ಇಲ್ಲದಿದ್ದರೆ ಸಿಜಿಟಿಎಂಎಸ್‌ಇ ಅನ್ನುವ, ಸಣ್ಣ ಉದ್ಯಮದ ಸಾಲಕ್ಕೆ ಹೊಣೆ ನಿಲ್ಲುವ ಗ್ಯಾರಂಟಿ ಇದೆ. ಎಲ್ಲ ಶಾಖೆಯವರೂ ಒಪ್ಪುವುದಿಲ್ಲ, ಆದರೆ ಕೇಳಲೇಬೇಕು. ಬಡ್ಡಿ ಸಹಾಯಧನವನ್ನು ಮಾತ್ರ ಈಗ ನಂಬಬೇಡಿ. ಅದು ಬಡ್ಡಿ ಕಟ್ಟಿದ ಮೇಲೆ ಬರುವ ದುಡ್ಡು.

ಬೆಂಗ್ಳೂರ್ ಬಸ್ | ಮಧ್ಯಾಹ್ನ 3.33

ಸುಮ್ನೆ ಬೆಂಗಳೂರಿಗೆ ಹೋಗಿ ಬಿಡಿ ಸರ್. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಯೋಇನ್ನೋವೇಷನ್ ಸೆಂಟರ್ ಇದೆ, ಯಂತ್ರ ಎಲ್ಲ ಅಲ್ಲೇ ಇದೆ, ಗಂಟೆ ಲೆಕ್ಕದಲ್ಲಿ ಬಳಸಬಹುದು. ರಾಜ್ಯದ ನೀತಿ ನಮ್ಮಂಥ ಊರಿಗಲ್ಲ.

ತುಂಗೆಯ ದಡ | ಮಧ್ಯಾಹ್ನ 3.50

ನನ್ನ ಕೆಲಸಕ್ಕೆ ರೋಗ ಬಂದ ಮರದ ಬುಡವೇ ಬೇಕು. ಅದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಲ್ಲ.

ಇರುವಕ್ಕಿ ದಾರಿ | ಸಂಜೆ 5.05

ಬಸ್ ಅವರ ಮಾತಿಗೆ ಉತ್ತರ. ನೀತಿ ಊರಿಗಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ಕರ್ನಾಟಕ 2001ರಲ್ಲೇ ಬಯೋಟೆಕ್ ನೀತಿ ತಂದ ರಾಜ್ಯ. ಆಮೇಲೆ 2009, 2017, ಈಗ 2024–29ರ ನೀತಿ. ಕೈಗಾರಿಕಾ ನೀತಿಯಲ್ಲಿ ಬೆಂಗಳೂರು ನಗರ, ಗ್ರಾಮಾಂತರ ಎರಡನ್ನೂ ಮೂರನೇ ವಲಯದಲ್ಲಿ ಇಟ್ಟಿದ್ದಾರೆ, ನೆರವು ಹೊರಗಿನ ಜಿಲ್ಲೆಗಳಿಗೆ ಜಾಸ್ತಿ. 2025–30ರ ನೀತಿಯಲ್ಲಿ ಇನ್ನೊಂದು ಬದಲಾವಣೆ ಇದೆ. ಹಾಕಿದ ಬಂಡವಾಳದ ಮೇಲೆ ಸಹಾಯಧನ ಬೇಕೋ, ಮಾಡಿದ ವಹಿವಾಟಿನ ಮೇಲೆ ಪ್ರೋತ್ಸಾಹಧನ ಬೇಕೋ, ಒಂದನ್ನು ಕಂಪನಿಯೇ ಆರಿಸಿಕೊಳ್ಳಬಹುದು. ಇಲ್ಲಿ ನಡೆಯುತ್ತಿರುವ ಜಗಳವೇ ಅದು ಅಲ್ವಾ? ಶೆಡ್ ಸರ್ ವಹಿವಾಟು ಆರಿಸಿಕೊಳ್ಳಲಿ, ತೀರ್ಥಹಳ್ಳಿಯವರು ಬಂಡವಾಳ ಆರಿಸಿಕೊಳ್ಳಲಿ.

ನನಗೆ ಕಾಣುವ ಕೊರತೆ ಬೇರೆ. ಇರುವಕ್ಕಿಯಲ್ಲಿ ಕೃಷಿ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಶಂಕರಘಟ್ಟದಲ್ಲಿ ಕುವೆಂಪು ವಿವಿಯ ಬಯೋಟೆಕ್ ವಿಭಾಗ ಇದೆ. ಆದರೆ ಒಂದು ಸಣ್ಣ ಕಂಪನಿ ಬೆಳಗ್ಗೆ ಸ್ಯಾಂಪಲ್ ತಂದು, ಶುಲ್ಕ ಕಟ್ಟಿ, ಸಂಜೆ ವರದಿ ಒಯ್ಯುವಂಥ ಹಂಚಿಕೊಳ್ಳುವ ಲ್ಯಾಬ್ ಮಲೆನಾಡಿನಲ್ಲಿ ಬೇಕು. ಪ್ರತಿ ಕಂಪನಿಯೂ ಒಂದೊಂದು ಆಟೋಕ್ಲೇವ್, ಒಂದೊಂದು ಜನರೇಟರ್ ಕೊಳ್ಳುವುದು ದುಡ್ಡು ದಂಡ.

ಎಡಿಸನ್‌ನಿಂದ ಹೊಸನಗರದವ | ಸಂಜೆ 6.20

ಇದಕ್ಕೆ ಒಂದು ಸೇರಿಸುತ್ತೇನೆ. ಮ್ಯಾಸಚೂಸೆಟ್ಸ್ 2008ರಲ್ಲಿ ಹತ್ತು ವರ್ಷಕ್ಕೆ 1 ಬಿಲಿಯನ್ ಡಾಲರ್ ಅಂತ ಘೋಷಿಸಿತ್ತು. ಅದರಲ್ಲಿ 500 ಮಿಲಿಯನ್ ಕಟ್ಟಡ, ಲ್ಯಾಬ್, ಉಪಕರಣಕ್ಕೆ. 250 ತೆರಿಗೆ ರಿಯಾಯಿತಿಗೆ. 250 ಅನುದಾನ, ಸಾಲದಂಥದ್ದಕ್ಕೆ. ಅರ್ಧ ದುಡ್ಡು ಎಲ್ಲರೂ ಬಳಸುವ ಜಾಗಕ್ಕೇ ಅಂತ ಎತ್ತಿಟ್ಟಿದ್ದರು. ಬಾಸ್ಟನ್ ಬೆಳೆದದ್ದನ್ನು ಹತ್ತಿರದಿಂದ ನೋಡಿದವನು ನಾನು.

ಭದ್ರಾವತಿ 77 | ಸಂಜೆ 6.41

ವಿಮಾನ ನಿಲ್ದಾಣ ಬಂತು 2023ರಲ್ಲಿ. ಅದರ ಪಕ್ಕ ಅಂಥದ್ದೊಂದು ಲ್ಯಾಬ್ ಬರಲಿ ಅಂತ ಎಲ್ಲರೂ ಸೇರಿ ಮನವಿ ಕೊಡೋಣ. ಬರೆಯುವ ಕೆಲಸ ನಾನು ಮಾಡುತ್ತೇನೆ.

ಕೊಪ್ಪದ ತೋಟ | ರಾತ್ರಿ 7.30

ಮಧ್ಯೆ ಒಂದು ಪ್ರಶ್ನೆ. ಬೋರ್ಡೋ ಹೊಡೆದ ತೋಟಕ್ಕೆ ನಿಮ್ಮ ಟ್ರೈಕೋಡರ್ಮಾ ಹಾಕಿದರೆ ಸಾಯುತ್ತದಾ? ನಾವು ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಅಪ್ಪನ ಕಾಲದಿಂದ.

ತುಂಗೆಯ ದಡ | ರಾತ್ರಿ 7.44

ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ತಾಮ್ರ ಅದಕ್ಕೆ ಆಗದು. ಎರಡನ್ನೂ ಬೆರೆಸಬಾರದು. ಬೋರ್ಡೋ ಮೇಲೆ ಅಡಿಕೆ ಗೊನೆಗೆ, ಇದು ಬುಡಕ್ಕೆ. ನಡುವೆ ಕೆಲವು ವಾರ ಬಿಡಿ. ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ, ನೆರಳಲ್ಲಿ ತೇವವಾಗಿ ಇಟ್ಟು ಹಾಕಿದರೆ ಚೆನ್ನಾಗಿ ಹಬ್ಬುತ್ತದೆ. ಗೋಣಿಚೀಲ ತೆರೆದಾಗ ಹಿಂಡಿಯ ಮೇಲೆ ಹಸಿರು ಪುಡಿ ಚೆಲ್ಲಿದ ಹಾಗೆ ಕಂಡರೆ ಬೆಳೆದಿದೆ ಅಂತ ಅರ್ಥ. ಕೊಳೆತ ವಾಸನೆ ಬಂದರೆ ಹಾಕಬೇಡಿ.

ನಿರ್ವಾಹಕ | ರಾತ್ರಿ 7.50

ತೋಟದ ಪ್ರಶ್ನೆಗೆ ಕೃಷಿ ವಿಭಾಗದಲ್ಲಿ ಬೇರೆ ಎಳೆ ಶುರು ಮಾಡಿ ದಯವಿಟ್ಟು. ಇಲ್ಲಿ ನೆರವಿನ ವಿಷಯ ನಡೆಯಲಿ.

ನಗರದ ಕೋಟೆ | ರಾತ್ರಿ 8.15

ಯಾವ ಅನುದಾನ ಅಂತ ಯಾರೂ ಹೆಸರು ಹೇಳಲಿಲ್ಲವಲ್ಲ. ಬೈರಾಕ್ ಇದೆ, ರಾಜ್ಯ ಸರ್ಕಾರದ್ದು, 50 ಲಕ್ಷ ಸಾಲ ಕೊಡುತ್ತಾರೆ.

ಲ್ಯಾಬ್ ಅಕ್ಕ | ರಾತ್ರಿ 8.28

ಎರಡೂ ತಪ್ಪು. ಬೈರಾಕ್ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯದ್ದು, 2012ರಲ್ಲಿ ಶುರುವಾದದ್ದು. ಅದರ ಬಿಗ್ ಯೋಜನೆಯಲ್ಲಿ 50 ಲಕ್ಷದವರೆಗೆ, 18 ತಿಂಗಳಿಗೆ. ಅದು ಸಾಲ ಅಲ್ಲ, ಅನುದಾನ. ಜನವರಿ 1 ಮತ್ತು ಜುಲೈ 1ಕ್ಕೆ ಅರ್ಜಿ ತೆರೆಯುತ್ತದೆ. ರಾಜ್ಯದ್ದು ಎಲಿವೇಟ್, ಅದೂ 50 ಲಕ್ಷದವರೆಗೆ. ಎರಡಕ್ಕೂ ಕಂತು, ಎರಡಕ್ಕೂ ಗುರಿ ಮುಟ್ಟಿದ ವರದಿ.

ಲೆಕ್ಕದವನು | ರಾತ್ರಿ 9.05

ಅನುದಾನ ಬಂದವರಿಗೆ ಒಂದು ಎಚ್ಚರಿಕೆ. ಸರ್ಕಾರದ ಅನುದಾನವನ್ನೂ ಆದಾಯ ಅಂತಲೇ ಲೆಕ್ಕ ಹಿಡಿಯುವ ನಿಯಮ 2015ರ ಬಜೆಟ್ಟಿನಲ್ಲಿ ಬಂತು. ಅದೇ ವರ್ಷ ಸಂಬಳ, ಪರೀಕ್ಷೆ, ಸಾಮಗ್ರಿಗೆ ಖರ್ಚಾದರೆ ತೆರಿಗೆ ಹುಟ್ಟುವುದಿಲ್ಲ. ಯಂತ್ರ ಕೊಂಡರೆ ಅನುದಾನದ ಮೊತ್ತವನ್ನು ಯಂತ್ರದ ಬೆಲೆಯಲ್ಲಿ ಕಳೆದು, ಉಳಿದದ್ದಕ್ಕೆ ಮಾತ್ರ ಸವಕಳಿ. ಮಾರ್ಚ್ ಕೊನೆಗೆ ಕಂತು ಬಂದು ಖರ್ಚು ಏಪ್ರಿಲ್‌ನಲ್ಲಿ ಆದರೆ ತೊಡಕು. ಅನುದಾನಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ, ಕಂತು ಬರುವ ಮೊದಲೇ ನಿಮ್ಮ ಲೆಕ್ಕದವರ ಜೊತೆ ಕೂತು ಮಾತಾಡಿ.

ಮಾಚೇನಹಳ್ಳಿ ಶೆಡ್ | ರಾತ್ರಿ 9.30

ಒಂದು ದಿನ ಪೂರ್ತಿ ಇದನ್ನೇ ಯೋಚಿಸಿದೆ. ಮಾರಾಟ ಶುರುವಾಗುವವರೆಗೆ ಅನುದಾನ, ಆಮೇಲೆ ತೆರಿಗೆ ರಿಯಾಯಿತಿ ಅನ್ನುವುದನ್ನು ಒಪ್ಪುತ್ತೇನೆ. ಎರಡು ಷರತ್ತು. ಸಂದರ್ಶನ ಶಿವಮೊಗ್ಗದಲ್ಲೇ, ಕನ್ನಡದಲ್ಲೇ ನಡೆಯಲಿ. ಲ್ಯಾಬ್ ಇಲ್ಲೇ ಇರುತ್ತದೆ ಅಂತ ಐದು ವರ್ಷದ ಮಾತು ಬರೆಸಿಕೊಳ್ಳಲಿ, ತಪ್ಪಿದರೆ ವಾಪಸ್ ಕಟ್ಟಲಿ.

ತೀರ್ಥಹಳ್ಳಿಯವರೇ, ನಿಮ್ಮ ಪುಡಿ ಒಣಗಿಸುವ ಟ್ರೇ, ಸ್ಟ್ಯಾಂಡು ಸ್ಟೀಲಿನಲ್ಲಿ ಬೇಕಾದರೆ ಬನ್ನಿ. ಸಾಮಾನಿನ ದುಡ್ಡು ಮಾತ್ರ ಕೊಡಿ.

ಕಾಡುಹಾದಿ | ರಾತ್ರಿ 9.48

ತಳಿಯನ್ನು ಇಲ್ಲಿನ ಮಣ್ಣಿನಿಂದ ತೆಗೆದಿದ್ದೀರಿ ಅಂದಿರಿ. ವ್ಯಾಪಾರಕ್ಕೆ ಬಳಸುವ ಮೊದಲು ರಾಜ್ಯ ಜೀವವೈವಿಧ್ಯ ಮಂಡಳಿಗೆ ತಿಳಿಸಬೇಕಾಗುತ್ತದೆ, 2002ರ ಕಾಯ್ದೆ. ಅದನ್ನೂ ಕಡತಕ್ಕೆ ಸೇರಿಸಿ.

ತುಂಗೆಯ ದಡ | ಬುಧವಾರ ಬೆಳಗ್ಗೆ 7.10

ರಾತ್ರಿ ಇಬ್ಬರೂ ಕೂತು ಎಲ್ಲ ಉತ್ತರ ಮತ್ತೆ ಓದಿದೆವು. ಬೈರಾಕ್‌ಗೂ ಎಲಿವೇಟ್‌ಗೂ ಅರ್ಜಿ ಹಾಕುತ್ತೇವೆ. ಒಂದೇ ಖರ್ಚನ್ನು ಎರಡು ಕಡೆ ತೋರಿಸುವುದಿಲ್ಲ. ಒಂದರಲ್ಲಿ ವಿಷಪರೀಕ್ಷೆ ಮತ್ತು ನೋಂದಣಿ, ಇನ್ನೊಂದರಲ್ಲಿ ತಯಾರಿಕೆ. ಎರಡನೇ ಕಂತು ಆರು ತಿಂಗಳು ತಡ ಅಂತ ಹಾಳೆಯ ಮೇಲೆಯೇ ಬರೆದಿಟ್ಟೆವು ಅಕ್ಕಾ, ಆಗ ಮೂರನೇ ಶೇಕರ್ ಕೊಳ್ಳುವ ಯೋಚನೆ ಬಿಡಬೇಕಾಯಿತು. ವಿದ್ಯುತ್ ತೆರಿಗೆಯ 21,600 ಸಣ್ಣದಾದರೂ ಬಿಡುವುದಿಲ್ಲ, ಅದೇ ದುಡ್ಡು ಬ್ಯಾಟರಿಗೆ. ಲೆಕ್ಕದ ಸರ್, ಮುಂದಿನ ವಾರ ನಿಮ್ಮ ಆಫೀಸಿಗೆ ಬರುತ್ತೇವೆ. ಶೆಡ್ ಸರ್, ಟ್ರೇ ಅಳತೆ ಕಳಿಸುತ್ತೇನೆ. ಭದ್ರಾವತಿಯವರ ಮನವಿಗೆ ನಮ್ಮಿಬ್ಬರ ಸಹಿ ಮೊದಲು ಇರಲಿ.

ಕೊಪ್ಪದ ಅಣ್ಣ, ಒಂದು ಸಹಾಯ ಬೇಕು. ರೋಗ ಬಂದು ಇನ್ನೂ ನಿಂತಿರುವ ಮರದ ಬುಡದ ಮಣ್ಣು, ಸಣ್ಣ ಬೇರಿನ ಸಮೇತ, ಒಂದಡಿ ಆಳದಿಂದ. ಪಕ್ಕದಲ್ಲೇ ಆರೋಗ್ಯವಾಗಿರುವ ಮರದ್ದೂ ಬೇಕು. ಯಾಕೆ ಅದಕ್ಕೆ ಬರಲಿಲ್ಲ ಅಂತ ನೋಡಬೇಕು. ಪ್ಲಾಸ್ಟಿಕ್ ಬೇಡ, ಪೇಪರ್ ಕವರ್.

ಕೊಪ್ಪದ ತೋಟ | ಬೆಳಗ್ಗೆ 7.26

ಹತ್ತೊಂಬತ್ತನೇ ಮರಕ್ಕೆ ಬುಡದಲ್ಲಿ ಕಂದು ರಸ ಇಳಿಯುತ್ತಿದೆ, ಪಕ್ಕದ್ದು ಗಟ್ಟಿಯಾಗಿ ನಿಂತಿದೆ. ಎರಡರದ್ದೂ ಶನಿವಾರ ತರುತ್ತೇನೆ. ಕವರಿನ ಮೇಲೆ ಯಾವುದು ಯಾವುದು ಅಂತ ಪೆನ್ಸಿಲ್‌ನಲ್ಲಿ ಬರೆದಿರುತ್ತೇನೆ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿಗೆ ಹತ್ತು ಗಂಟೆಗೆ ಬನ್ನಿ.